ಕಣ್ಣಿಗೆ ಬಿದ್ದ ಪಾಸ್‌ವರ್ಡ್

ಆ ಸೋಮವಾರ ಬೆಳಿಗ್ಗೆ ಹನುಮೇಶ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ. ಆದರೆ ಐದು ವರ್ಷ ಬಾಯಿ ಮುಚ್ಚಿಕೊಂಡೇ ಇದ್ದ ಮನುಷ್ಯನಿಗೆ ಒಂದು ದಿನವಾದರೂ ಬಾಯಿ ಬಿಡಬೇಕು ಅನ್ನಿಸುವುದು ಸಹಜ. ಬಿಟ್ಟ ಗಳಿಗೆ ಸರಿಯಿರಲಿಲ್ಲ, ಅಷ್ಟೆ.

ಅವನು ಮುಚ್ಚಿಟ್ಟಿದ್ದ ಗುಟ್ಟು ಇದು: ಅವನ ಕಣ್ಣಿಗೆ ಕೆಂಪೂ ಒಂದೇ, ಹಸಿರೂ ಒಂದೇ. ಎರಡೂ ಹಳೇ ಹುಣಸೆಹಣ್ಣಿನ ಹಾಗೆ ಕಾಣುತ್ತಿದ್ದವು. ಕೊಪ್ಪಳದ ಕಡೆಯ ಊರಿನಲ್ಲಿ ಇದರಿಂದ ಯಾರಿಗೂ ನಷ್ಟವಿರಲಿಲ್ಲ. ಕಷ್ಟ ಶುರುವಾದದ್ದು ರೈಲ್ವೆ ನೌಕರಿಗೆ ಹೋದಾಗ. ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು "ಯಾವ ನಂಬರ್ ಕಾಣುತ್ತೆ?" ಅಂದರು. "ನಂಬರ್ ಎಲ್ಲೈತ್ರೀ?" ಅಂದ ಇವನು. ಡಾಕ್ಟರು ಪುಸ್ತಕ ಮುಚ್ಚಿ ಬಾಗಿಲು ತೋರಿಸಿದರು. ಅಂಥವನನ್ನು ವಿಧಿ ಎಳೆದು ತಂದು ಹಾಕಿದ್ದು ಎಲ್ಲಿಗೆ? ಪೀಣ್ಯದಲ್ಲಿ ಮುರಿಗೆಪ್ಪನವರು ನಡೆಸುತ್ತಿದ್ದ ಬಣ್ಣದ ಕಾರ್ಖಾನೆಗೆ!

ಅಲ್ಲಿ ಕಬ್ಬಿಣದ ಬಾಗಿಲುಗಳಿಗೆ ಪುಡಿಬಣ್ಣ ಹೊಡೆದು ಒಲೆಯಲ್ಲಿ ಬೇಯಿಸುತ್ತಾರೆ. ಬೆಂಕಿ ಆರಿಸುವ ಪಂಪಿನ ಪೆಟ್ಟಿಗೆಗಾದರೆ ಕೆಂಪು, ಜನರೇಟರಿನ ಪೆಟ್ಟಿಗೆಗಾದರೆ ಹಸಿರು. ಸರಪಳಿಗೆ ನೇತುಬಿದ್ದು ಬರುವ ಬಾಗಿಲಿನ ಎದುರು ನಿಂತು ಬಣ್ಣ ಕೂಗುವುದು, ಬೆರಳಾಡಿಸಿ ಗುಳ್ಳೆ ಗೀರು ಪತ್ತೆ ಮಾಡುವುದು ಹನುಮೇಶನ ಕೆಲಸ. ಬಾಗಿಲಿನ ಹಿಂದೆ ನಿಂತು ಚೀಟಿ ಅಂಟಿಸುವುದು ಶೈಲಾಳ ಕೆಲಸ. ಸೇರಿದ ಮೊದಲ ವಾರವೇ ಹನುಮೇಶ ಅವಳೆದುರು ಗುಟ್ಟು ಬಿಚ್ಚಿ ಕೈಮುಗಿದಿದ್ದ. ಅವಳು ತಕರಾರಿಲ್ಲದೆ ಒಪ್ಪಿದ್ದಳು. ಕೆಂಪಾದರೆ ಒಂದು ಕೆಮ್ಮು, ಹಸಿರಾದರೆ ಎರಡು. ಐದು ವರ್ಷದಲ್ಲಿ ಒಂದೇ ಒಂದು ಬಾಗಿಲು ವಾಪಸು ಬಂದಿರಲಿಲ್ಲ. ಶೈಲಾಳಿಗೆ ಎದೆರೋಗವಿರಬೇಕೆಂದು ಮುರಿಗೆಪ್ಪನವರು ಎರಡು ಸಲ ಎಕ್ಸ್‌ರೇ ತೆಗೆಸಿದ್ದರು, ಅದು ಬೇರೆ ಮಾತು.

ತಿಂಗಳ ಕೊನೆಗೆ ಎಲ್ಲರ ಕಾಂಟ್ರಾಕ್ಟೂ ಮುಗಿಯುತ್ತಿತ್ತು. ಬಣ್ಣ ನೋಡುವ ವಿಭಾಗದಲ್ಲಿ ಒಬ್ಬರನ್ನು ಮಾತ್ರ ಪರ್ಮನೆಂಟ್ ಮಾಡುತ್ತೇವೆ, ಸೋಮವಾರ ಕಾಗದ ಕೊಡುತ್ತೇವೆ ಎಂದು ಮುರಿಗೆಪ್ಪನವರು ಹೇಳಿಬಿಟ್ಟಿದ್ದರು. ರಾಜಗೋಪಾಲನಗರದ ಬಾಡಿಗೆ ಕೋಣೆಯಿಂದ ಹೊರಡುವಾಗ ಹೆಂಡತಿ ಶಿವಗಂಗಾ ಬಾಗಿಲಿಗೆ ಅಡ್ಡ ನಿಂತು, "ಇವತ್ತ ಕಾಗದ ತರದ ಮನಿಗೆ ಬಂದೀರಿ ಮತ್ತ! ಮುಂದಿನ ತಿಂಗಳ ಊರಿಗೆ ಗಂಟು ಕಟ್ಟಬೇಕಾಗ್ತದ" ಎಂದು ಎಚ್ಚರಿಸಿದ್ದಳು.

ಹೀಗೆ ಕಾಗದದ ಆಸೆಯಿಂದ ಹನುಮೇಶ ಆಫೀಸಿನೊಳಗೆ ಕಾಲಿಟ್ಟ. ಕಾಲಿಟ್ಟವನು ಅಲ್ಲೇ ನಿಂತ. ಗೋಡೆಯ ಮೇಲೆ, ಗಾಜಿನ ಚೌಕಟ್ಟಿನಲ್ಲಿ, ಬಣ್ಣದ ಚುಕ್ಕಿಗಳ ದೊಡ್ಡ ಚಿತ್ರ!

'ಸತ್ತೆ! ಪರ್ಮನೆಂಟ್ ಮಾಡಾಕ ಮೊದಲು ಕಣ್ಣು ಪರೀಕ್ಷೆ ಇಟ್ಟಾರ' ಎಂದುಕೊಂಡ. ಆದದ್ದಾಗಲಿ ಎಂದು ಕಣ್ಣು ಕಿರಿದು ಮಾಡಿ ನೋಡಿದ. ಅರೆ, ಇದೇನು! ಚುಕ್ಕಿಗಳ ನಡುವೆ ಅಂಕಿಗಳು ಗೇಟಿನ ಬೋರ್ಡಿನಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ರೈಲ್ವೆ ಡಾಕ್ಟರ ಮುಂದೆ ಆದ ಅವಮಾನವೆಲ್ಲ ಒಂದೇ ಸಲಕ್ಕೆ ತೊಳೆದುಹೋದಂತಾಯಿತು. ಯಾರೂ ಕೇಳುವ ಮೊದಲೇ ಶಾಲೆಯ ಮಗುವಿನ ಹಾಗೆ ಕೂಗಿದ:

"ಏಳು, ಮೂರು, ನಾಕು, ಎರಡು! ಕರೆಕ್ಟ್ ಐತಲ್ರೀ ಸಾಹೇಬ್ರ?"

ಮುರಿಗೆಪ್ಪನವರ ಕೈಯಲ್ಲಿದ್ದ ಕಾಫಿ ಲೋಟ ಟೇಬಲ್ಲಿನ ಮೇಲೆ ಮಗುಚಿಕೊಂಡಿತು. ಸ್ಟೋರ್ಸ್ ನೋಡಿಕೊಳ್ಳುವ ಶ್ಯಾಮಣ್ಣ ಕುರ್ಚಿಯಿಂದ ಎದ್ದು ನಿಂತ. ಕಂಪ್ಯೂಟರ್ ಮುಂದೆ ಕೂತಿದ್ದ ಸಿದ್ದಾರ್ಥ್ ಹನುಮೇಶನನ್ನು ಹಾವು ಕಂಡವನಂತೆ ನೋಡಿದ.

ಈ ಸಿದ್ದಾರ್ಥ್ ಮುರಿಗೆಪ್ಪನವರ ಅಕ್ಕನ ಮಗ, ವೈಟ್‌ಫೀಲ್ಡಿನವನು. ಹೋದ ತಿಂಗಳು ಯಾವನೋ ಹ್ಯಾಕರ್ ಕಾರ್ಖಾನೆಯ ಫೈಲುಗಳಿಗೆಲ್ಲ ಬೀಗ ಜಡಿದು ಹೋದ ಮೇಲೆ, ಕಂಪ್ಯೂಟರ್ ಕಾವಲಿಗೆಂದು ಬಂದಿದ್ದ. ಮಾವನಿಗೆ ಪಾಸ್‌ವರ್ಡ್ ನೆನಪಿರುವುದಿಲ್ಲ. ಚೀಟಿಯಲ್ಲಿ ಬರೆದರೆ ಶ್ಯಾಮಣ್ಣ ಅದನ್ನು ಎಲ್ಲರಿಗೂ ಕಾಣುವಂತೆ ಕ್ಯಾಲೆಂಡರಿಗೆ ಅಂಟಿಸುತ್ತಾನೆ. ಅದಕ್ಕೇ ಸಿದ್ದಾರ್ಥ್ ಈ ಉಪಾಯ ಹೂಡಿದ್ದ: ಪಾಸ್‌ವರ್ಡನ್ನು ಚುಕ್ಕಿಗಳ ಚಿತ್ರದಲ್ಲಿ ಅಡಗಿಸಿ ಗೋಡೆಗೆ ನೇತುಹಾಕುವುದು. ಕೆಂಪು ಹಸಿರಿನ ಗೊಂದಲದಲ್ಲಿ ಬರಿಗಣ್ಣಿಗೆ ಬರೀ ಚುಕ್ಕಿ. ಮುರಿಗೆಪ್ಪನವರು ಕೆಂಪು ಗಾಜಿನ ಕನ್ನಡಕ ಹಾಕಿಕೊಂಡರೆ ಮಾತ್ರ ಅಂಕಿ ಕಾಣಬೇಕು.

"ಇಂಪಾಸಿಬಲ್!" ಅಂದ ಸಿದ್ದಾರ್ಥ್. "ಮಾವ, ನಾರ್ಮಲ್ ಕಣ್ಣಿಗೆ ಇದು ಕಾಣೋ ಚಾನ್ಸೇ ಇಲ್ಲ. ಇವ್ನು ನಮ್ಮ ಸಿಸ್ಟಮ್ ಒಳಗೆ ನುಗ್ಗಿದಾನೆ."

"ನಾ ಬಾಗಿಲದಿಂದ ಬಂದೆ ಬಿಡ್ರೀ" ಅಂದ ಹನುಮೇಶ, ಏನೂ ತಿಳಿಯದೆ. "ಯಾಕ, ನಿಮಗ ಯಾರಿಗೂ ಕಾಣಂಗಿಲ್ಲೇನು?"

"ನಂಗೆ ಗಸಗಸೆ ಚೆಲ್ದಂಗೆ ಕಾಣುತ್ತೆ ಕಣಯ್ಯ" ಅಂದ ಶ್ಯಾಮಣ್ಣ.

ಸಿದ್ದಾರ್ಥ್ ಪಟಪಟನೆ ಕೀಲಿ ಒತ್ತಿ ಇನ್ನೊಂದು ಚಿತ್ರ ಮಾಡಿ, ಸ್ಕ್ರೀನನ್ನು ತಿರುಗಿಸಿದ. "ಈಗ?"

"ಒಂಬತ್ತು, ಒಂದು, ಒಂದು, ಆರು. ಇದು ಅದಕ್ಕಿಂತ ಚಲೋ ಕಾಣಸ್ತದ."

"ಅಯ್ಯೋ ದೇವ್ರೇ, ತಲೆಯೊಳಗೇ ಕೋಡ್ ಬ್ರೇಕ್ ಮಾಡ್ತಿದಾನೆ!" ಎಂದು ಸಿದ್ದಾರ್ಥ್ ಕುರ್ಚಿಗೆ ಕುಸಿದ. ಮುರಿಗೆಪ್ಪನವರು ಹನುಮೇಶನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನೀನು ಹೊರಗೆ ಹೋಗಪ್ಪ. ಕರೆದಾಗ ಬಾ" ಅಂದರು. ಪರ್ಮನೆಂಟ್ ಕಾಗದದ ಸುದ್ದಿಯನ್ನೇ ಎತ್ತಲಿಲ್ಲ.

ಹನುಮೇಶ ಓಡಿದ್ದು ನೇರ ಶೈಲಾಳ ಬಳಿಗೆ. "ತಂಗೀ, ಆಫೀಸಿನ ಚಿತ್ರ ನೋಡೀಯಲ್ಲ, ನಂಬರ್ ಕಾಣಸ್ತದ?"

ಶೈಲಾ ಅತ್ತಿತ್ತ ನೋಡಿದಳು. "ಇಲ್ಲಪ್ಪ. ಬರೀ ಚುಕ್ಕಿ."

ಹನುಮೇಶ ಅಲ್ಲೇ ಡಬ್ಬದ ಮೇಲೆ ಕೂತು ಯೋಚಿಸಿದ. ಊರಿಗೆಲ್ಲ ಕಾಣುವುದು ತನಗೆ ಕಾಣುವುದಿಲ್ಲ, ಯಾರಿಗೂ ಕಾಣದ್ದು ತನಗೆ ಕಾಣುತ್ತದೆ. ಅಂದರೆ ಇದು ಕಣ್ಣಿನ ಐಬಿನದೇ ಆಟ. ಐಬು ಒಪ್ಪಿಕೊಂಡರೆ ಬಣ್ಣ ನೋಡುವ ನೌಕರಿ ಹೋಗುತ್ತದೆ. ಒಪ್ಪಿಕೊಳ್ಳದಿದ್ದರೆ ಕಳ್ಳನಾಗುತ್ತಾನೆ. ಎಂಥಾ ಕರ್ಮ! ಕುರುಡನಾಗುವುದು ವಾಸಿಯೋ ಕಳ್ಳನಾಗುವುದು ವಾಸಿಯೋ ಎಂಬ ಪ್ರಶ್ನೆ ಯಾವ ಗಂಡಸಿಗೂ ಸೋಮವಾರ ಬೆಳಿಗ್ಗೆ ಬರಬಾರದು.

ಅಷ್ಟರಲ್ಲಿ ಶ್ಯಾಮಣ್ಣನ ಬಾಯಿ ತನ್ನ ಕೆಲಸ ಮಾಡಿತ್ತು. ಊಟದ ಹೊತ್ತಿಗೆ ಹನುಮೇಶ ಬರೀ ಹ್ಯಾಕರ್ ಆಗಿ ಉಳಿದಿರಲಿಲ್ಲ, ಇಂಟರ್‌ನ್ಯಾಷನಲ್ ಹ್ಯಾಕರ್ ಆಗಿದ್ದ. ಅವನು ಮೊಸರನ್ನದ ಡಬ್ಬಿ ಬಿಚ್ಚುತ್ತಿದ್ದಂತೆ ಬಣ್ಣ ಹೊಡೆಯುವ ಶಿವರಾಜ್ ಬಂದು ಕಿವಿಯಲ್ಲಿ ಪಿಸುಗುಟ್ಟಿದ: "ಗುರು, ನಮ್ಮನೆಯವಳ ಫೋನ್ ಲಾಕ್ ಒಂಚೂರು ತೆಗೆದುಕೊಡು. ಯಾರಿಗೂ ಹೇಳಲ್ಲ."

"ನನಗ ನನ್ನ ಫೋನೇ ಸರಿಯಾಗಿ ಹಿಡಿಯಾಕ ಬರಂಗಿಲ್ಲೋ ಮಾರಾಯ!"

"ನೋಡ್ದಾ, ಎಷ್ಟು ಹುಷಾರಾಗಿ ಮಾತಾಡ್ತಾನೆ" ಎಂದು ಶಿವರಾಜ್ ಪಕ್ಕದವನಿಗೆ ಹೇಳಿ ಮೆಚ್ಚಿಕೊಂಡು ಹೋದ.

ಕ್ಯಾಂಟೀನಿನಲ್ಲಿ ಎರಡು ಪಾರ್ಟಿ ಆದವು. "ಇಂಥವ್ರನ್ನ ಕೆಲ್ಸಕ್ಕೆ ಇಟ್ಕೊಳ್ಬೇಕು ಕಣ್ರೀ" ಅಂದ ಶಿವರಾಜ್. "ಕಳ್ಳನ ದಾರಿ ಕಳ್ಳಂಗೇ ಗೊತ್ತಿರೋದು. ದೊಡ್ಡ ದೊಡ್ಡ ಕಂಪ್ನಿಯೋರು ಹಂಗೇ ಮಾಡ್ತಾರಂತೆ."

"ಥೂ! ಬೆಕ್ಕನ್ನ ಹಾಲಿಗೆ ಕಾವಲಿಡ್ತಾರೇನಯ್ಯ?" ಅಂದ ಶ್ಯಾಮಣ್ಣ, ಚಪಾತಿ ಹರಿಯುತ್ತಾ. "ಹೋದ್ ತಿಂಗ್ಳು ಫೈಲಿಗೆ ಬೀಗ ಹಾಕಿದ್ದೋನೂ ಇವ್ನೇ ಇರ್ಬೇಕು. ಪೊಲೀಸ್‌ನೋರಿಗೆ ಫೋನ್ ಮಾಡೋದೇ ಸರಿ. ಸಾಹೇಬ್ರು ಈಗ ಫೋನಲ್ಲೇ ಅವ್ರೆ."

ಪೊಲೀಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೊಸರನ್ನದ ಡಬ್ಬಿ ಅಲ್ಲೇ ಉಳಿಯಿತು. ನೌಕರಿ ಹೋದರೆ ಹೋಗಲಿ, ಜೈಲು ಬೇಡ ಎಂದು ಹನುಮೇಶ ಕೈ ಕೂಡ ತೊಳೆಯದೆ ಆಫೀಸಿಗೆ ಓಡಿ, ಮುರಿಗೆಪ್ಪನವರ ಕಾಲಿಗೇ ಬಿದ್ದ.

"ಸಾಹೇಬ್ರ, ನಾ ಹ್ಯಾಕರ್ ಅಲ್ರೀ! ನಾ ಬಣ್ಣಗುರುಡ! ಕೆಂಪು ಹಸಿರು ಗೊತ್ತಾಗಂಗಿಲ್ಲ. ಅದಕ್ಕ ಆ ಸುಡುಗಾಡು ನಂಬರ್ ಕಾಣಸ್ತದ!"

ಸಿದ್ದಾರ್ಥನ ಮುಖ ಬಿಳಿಚಿಕೊಂಡಿತು. ಹನುಮೇಶನ ಮಾತು ನಿಜವಾದರೆ ತನ್ನ ಘನಂದಾರಿ ಚಿತ್ರವನ್ನು ಬೀದಿಯಲ್ಲಿ ಹೋಗುವ ಇಪ್ಪತ್ತರಲ್ಲಿ ಒಬ್ಬ ಓದಬಲ್ಲ ಎಂದಾಗುತ್ತಿತ್ತು. ಅವನು ತಟ್ಟನೆ, "ಮಾವ, ಸುಳ್ಳು! ಐದು ವರ್ಷದಿಂದ ಕಲರ್ ಚೆಕ್ ಮಾಡ್ತಿರೋನು ಕಲರ್ ಬ್ಲೈಂಡಾ? ಒಂದು ಕಂಪ್ಲೇಂಟ್ ಬಂದಿದ್ಯಾ?" ಅಂದ.

ಮುರಿಗೆಪ್ಪನವರು ಹೋ ಎಂದು ನಕ್ಕರು. "ಹೌದಲ್ಲಪ್ಪಾ! ನಮ್ಮ ಕಾರ್ಖಾನೆಯ ಬಣ್ಣಕ್ಕೆ ಹೆಸರು ಬಂದಿದ್ದೇ ಇವನ ಕಣ್ಣಿಂದ. ಕಳ್ಳ ಎಲ್ಲಾದ್ರೂ ತಾನು ಕಳ್ಳ ಅಂತ ಒಪ್ಕೊಂತಾನಾ? ನಡಿ, ಪರೀಕ್ಷೆ ಮಾಡೇಬಿಡಾಣ."

ಒಲೆಯಿಂದ ಆಗಷ್ಟೇ ಬಂದ ನಾಲ್ಕು ಬಾಗಿಲುಗಳ ಮುಂದೆ ಹನುಮೇಶನನ್ನು ನಿಲ್ಲಿಸಿದರು. ಕಾರ್ಖಾನೆಗೆ ಕಾರ್ಖಾನೆಯೇ ಸುತ್ತ ನೆರೆಯಿತು. ಬಾಗಿಲ ಹಿಂದೆ ಶೈಲಾ ಎಂದಿನಂತೆ ಚೀಟಿ ಹಿಡಿದು ನಿಂತಿದ್ದಳು. ಇವತ್ತು ಎಲ್ಲ ತಪ್ಪು ಹೇಳಿ ಬಚಾವಾಗಬೇಕು ಎಂದು ಹನುಮೇಶ ಹಲ್ಲು ಕಚ್ಚಿದ.

"ಇದು ಯಾವ ಬಣ್ಣ?"

ಹಿಂದಿನಿಂದ ಒಂದು ಕೆಮ್ಮು ಬಂತು. ಐದು ವರ್ಷದ ಅಭ್ಯಾಸ, ಬಾಯಿ ತಲೆಯನ್ನು ಕೇಳಲೇ ಇಲ್ಲ. "ಕೆಂಪು!" ಅಂದುಬಿಟ್ಟಿತು. ಎರಡನೆಯದಕ್ಕೆ ಎರಡು ಕೆಮ್ಮು. "ಹಸಿರು!" ಮೂರನೆಯದೂ ಹಾಗೇ ಆಯಿತು. ಜನ ಚಪ್ಪಾಳೆ ತಟ್ಟಿದರು. ಹನುಮೇಶ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ನಾಲ್ಕನೆಯದಕ್ಕಾದರೂ ಉಲ್ಟಾ ಹೇಳುತ್ತೇನೆ ಎಂದು ಮನೆದೇವರ ಮೇಲೆ ಆಣೆ ಮಾಡಿಕೊಂಡ. ಒಂದು ಕೆಮ್ಮು ಬಂತು. "ಹಸಿರು!" ಎಂದು ಕಿರುಚಿದ.

ಅದು ಹಸಿರೇ ಆಗಿತ್ತು. ಶೈಲಾಳ ಎರಡನೆಯ ಕೆಮ್ಮು ಬಣ್ಣದ ಪುಡಿಗೆ ಸಿಕ್ಕಿ ಸೀನಾಗಿಬಿಟ್ಟಿತ್ತು.

"ಮುಗೀತಲ್ಲ!" ಅಂದರು ಮುರಿಗೆಪ್ಪನವರು ಹೆಮ್ಮೆಯಿಂದ. "ಇವನು ಹ್ಯಾಕರ್ರೇ. ನಾನು ಪೊಲೀಸರಿಗೆ ಫೋನ್ ಮಾಡಿರಲಿಲ್ಲ ಕಣಪ್ಪ, ಎಲೆಕ್ಟ್ರಾನಿಕ್ ಸಿಟಿಯ ಸ್ನೇಹಿತರಿಗೆ ಮಾಡಿದ್ದೆ. ಇಂಥೋರನ್ನ ಬಿಡಬ್ಯಾಡ, ಬಿಟ್ರೆ ಎದುರಿನೋರು ಹಾರಿಸ್ಕೊಂಡ್ ಹೋಗ್ತಾರೆ ಅಂದ್ರು. ನಿನ್ನನ್ನ ಕಂಪ್ಯೂಟರ್ ವಿಭಾಗಕ್ಕೆ ತಗಂಡಿದೀನಿ. ಹಿಡಿ ಕಾಗದ!"

ಕಾಗದ ಎಂದಾಗ ಹನುಮೇಶನ ಜೀವ ಮರಳಿ ಬಂತು. ಜೈಲೂ ತಪ್ಪಿತು, ನೌಕರಿಯೂ ಉಳಿಯಿತು! ಕಣ್ಣಿಗೊತ್ತಿಕೊಂಡು ಓದಿದ. ಹುದ್ದೆ, ಟ್ರೈನಿ ಹ್ಯಾಕರ್. ಹೊಸ ಹುದ್ದೆಯಾದ್ದರಿಂದ ಪರ್ಮನೆಂಟ್ ಇಲ್ಲ. ಹೋದ ತಿಂಗಳು ಬೀಗ ಬಿದ್ದ ಫೈಲುಗಳನ್ನು ಈ ತಿಂಗಳ ಕೊನೆಯೊಳಗೆ ತೆರೆದುಕೊಡಬೇಕು, ತಪ್ಪಿದರೆ ಅಂದೇ ಕೆಲಸದಿಂದ ಬಿಡುಗಡೆ.

"ಸಾಹೇಬ್ರ, ಮತ್ತ ಆ ಪರ್ಮನೆಂಟ್ ನೌಕರಿ?"

"ನೀನು ಮೇಲಕ್ಕೆ ಹೋದ್ಮೇಲೆ ಅದು ಖಾಲಿ ಆಯ್ತಲ್ಲ. ಶೈಲಾಗೆ ಕೊಟ್ಟೆ."

ಸಿದ್ದಾರ್ಥ್ ಬಂದು ಅವನ ಕೈಕುಲುಕಿ, ಕಂಪ್ಯೂಟರ್ ಮುಂದೆ ಕೂರಿಸಿ, "ವೆಲ್ಕಮ್ ಬ್ರೋ" ಅಂದ. ಅದನ್ನು ಆನ್ ಮಾಡುವ ಗುಂಡಿ ಎಲ್ಲಿದೆ ಎಂದು ಹನುಮೇಶ ಸಂಜೆಯವರೆಗೆ ಹುಡುಕಿದ.

ಐದೂವರೆಗೆ ಗೇಟಿನ ಹೊರಗೆ ಶೈಲಾ ಮಾದನಾಯಕನಹಳ್ಳಿ ಬಸ್ಸಿಗೆ ಕಾಯುತ್ತಾ ನಿಂತಿದ್ದಳು. ಹನುಮೇಶ ಮನಸ್ಸು ದೊಡ್ಡದು ಮಾಡಿಕೊಂಡು ಹತ್ತಿರ ಹೋದ. "ಹೋಗ್ಲಿ ಬಿಡು ತಂಗಿ. ಕಣ್ಣು ಸರಿ ಇದ್ದವರಿಗೇ ಆ ನೌಕರಿ ಸಿಕ್ತಲ್ಲ, ಅಷ್ಟು ಸಾಕು."

ಶೈಲಾ ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. "ಯಾರ ಕಣ್ಣಣ್ಣ? ಬಾಗಿಲ ಹಿಂದೆ ತಂತೀಲಿ ಒಂದು ತಗಡಿನ ಬಿಲ್ಲೆ ಕಟ್ಟಿರ್ತಾರೆ, ಎದುರು ನಿಂತೋರಿಗೆ ಕಾಣಲ್ಲ. ನಂಬರ್ ಮೂರರಿಂದ ಶುರುವಾದ್ರೆ ಕೆಂಪು, ಆರರಿಂದ ಆದ್ರೆ ಹಸಿರು. ಅದನ್ನ ಓದಿ ಕೆಮ್ಮುತಿದ್ದೆ. ಶಿವರಾಜಣ್ಣ ಒಂದಿನಾನೂ ಬಣ್ಣ ಅದಲು ಬದಲು ಹೊಡೀಲಿಲ್ಲ, ನಮ್ಮಿಬ್ಬರ ಪುಣ್ಯ."

"ಅಂದ್ರ... ನಿನಗೂ?"

"ನಂಗೂ, ನಮ್ಮಪ್ಪಂಗೂ. ಎಲ್ಲಾ ನಿಮ್ಮಂಗೇ ಕಾಣೋದು."

ಹನುಮೇಶ ಆಫೀಸಿನ ಕಡೆ ಬೆರಳು ತೋರಿಸಿದ. "ಹಂಗಾರ ಆ ಗ್ವಾಡಿ ಮ್ಯಾಲಿನ ನಂಬರು?"

"ಏಳು ಮೂರು ನಾಕು ಎರಡು. ಶುಕ್ರವಾರ ಮೊಳೆ ಹೊಡೀವಾಗ್ಲೇ ಓದಿದ್ದೆ."

"ಮುಂಜಾನೆ ನನಗ ಬರೀ ಚುಕ್ಕಿ ಅಂದ್ಯಲ್ಲ! ಸಾಹೇಬ್ರ ಮುಂದ ಯಾಕ ಸುಮ್ನಿದ್ದಿ?"

ಬಸ್ಸು ಬಂತು. ಶೈಲಾ ಪರ್ಮನೆಂಟ್ ಕಾಗದವನ್ನು ಬ್ಯಾಗಿನೊಳಗೆ ಜೋಪಾನವಾಗಿ ತುರುಕಿ ಮೆಟ್ಟಿಲು ಹತ್ತಿದಳು. "ಸಾಹೇಬ್ರು ನನ್ನ ಕೇಳಿದ್ರಾ ಅಣ್ಣ?" ಅಂದಳು.