ಎಮ್ಮೆಯ ಹತ್ತನೇ ಪಾಲು

ನಮ್ಮ ಓಣಿಯ ಯಾವ ಹೆಣ್ಣುಮಗಳ ಠೇವಣಿ ಬಡ್ಡಿಯಿಂದಲೂ ಬ್ಯಾಂಕಿನವರು ಒಂದು ಪೈಸೆ ತೆರಿಗೆ ಮುರಿದುಕೊಳ್ಳಬಾರದು ಎಂದು ಹೋದ ವರ್ಷ ಏಪ್ರಿಲ್ ಒಂದರಂದು ಭೀಷಣ ಪ್ರತಿಜ್ಞೆ ಮಾಡಿದೆ. ಬಿಳೂರಿನ ಕನ್ನಡ ಶಾಲೆಯಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿದವನು ನಾನು. ನನ್ನ ಪೆನ್ನಿನ ಟೋಪಿ ತೆಗೆದರೆ ದಿಲ್ಲಿಯ ತೆರಿಗೆ ಇಲಾಖೆ ಬೆವರು ಒರೆಸಿಕೊಳ್ಳುತ್ತದೆ!

ವಿಷಯ ಸರಳ. ಆದಾಯ ತೆರಿಗೆಯ ಮಿತಿಯೊಳಗೆ ಇದ್ದವರು ವರ್ಷದ ಆರಂಭದಲ್ಲೇ ಒಂದು ಫಾರ್ಮ್ ಕೊಟ್ಟರೆ ಬ್ಯಾಂಕು ಬಡ್ಡಿಗೆ ಕೈ ಹಚ್ಚುವುದಿಲ್ಲ. ಕೊಡದಿದ್ದರೆ ಹತ್ತರಲ್ಲಿ ಒಂದು ಪಾಲು ಮೂಲದಲ್ಲೇ ಕಡಿತ. ಓಣಿಯ ಹದಿನೈದು ಫಾರ್ಮುಗಳನ್ನೂ ನಾನೇ ತುಂಬಿದೆ. ಮೊದಲನೆಯದು ನನ್ನ ಹೆಂಡತಿ ದಾಕ್ಷಾಯಣಿಯದು. ಮೊದಲ ಲಗ್ನಪತ್ರಿಕೆ ಮನೆದೇವರಿಗೆ ಸಲ್ಲಬೇಕಲ್ಲವೆ? ಹಾಗೆಯೇ ಮೊದಲ ಫಾರ್ಮಿಗೆ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲಿಟ್ಟೆ. ಉಳಿದ ಹದಿನಾಲ್ಕನ್ನು ಸ್ಕೂಟರಿನಲ್ಲಿ ತಾಲೂಕಿನ ಊರಾದ ಜತ್ತಿಗೆ ಒಯ್ದು ಬ್ಯಾಂಕಿಗೆ ಒಪ್ಪಿಸಿ, ದಂಡಯಾತ್ರೆ ಗೆದ್ದ ಅರಸನಂತೆ ಮರಳಿದೆ.

ಮೊದಲನೆಯದು ದೇವರ ಹತ್ತಿರವೇ ಉಳಿಯಿತು. ವರ್ಷವಿಡೀ ಊದಿನಕಡ್ಡಿಯ ಹೊಗೆ ಕುಡಿಯಿತು.

ಮಾರ್ಚಿನಲ್ಲಿ ದಾಕ್ಷಾಯಣಿಯ ಮೊಬೈಲಿಗೆ ಮೆಸೇಜು ಬಂತು: ಐವತ್ತಾರು ಸಾವಿರ ಬಡ್ಡಿಯಲ್ಲಿ ಐದು ಸಾವಿರದ ಆರುನೂರು ಕಡಿತ! ಅಷ್ಟರಲ್ಲಿ ಅವಳು ಆ ಬಡ್ಡಿಯನ್ನೇ ನಂಬಿ, ಎಮ್ಮೆ ವ್ಯಾಪಾರಿ ದಿಲಾವರನಿಗೆ ಪಂಢರಪುರಿ ಎಮ್ಮೆಯೊಂದಕ್ಕೆ ಅಷ್ಟೇ ಬೆಲೆಗೆ, ಐವತ್ತಾರು ಸಾವಿರಕ್ಕೆ, ಮಾತು ಕೊಟ್ಟಾಗಿತ್ತು. ಅವಳ ಮಾತು ಇದುವರೆಗೆ ತಪ್ಪಿದ್ದೇ ಇಲ್ಲ. ತಪ್ಪುವ ಕೆಲಸವನ್ನೆಲ್ಲ ನಾನೇ ವಹಿಸಿಕೊಂಡಿದ್ದೇನೆ.

ಜಗಲಿಯ ಫಾರ್ಮ್ ಹಿಡಿದು ಬ್ಯಾಂಕಿಗೆ ಓಡಿದೆ. ಅಲ್ಲಿಯ ಗುಮಾಸ್ತ ನಾಗನಾಥ ನನ್ನ ಹಳೆಯ ವಿದ್ಯಾರ್ಥಿ. ಅದನ್ನು ಮೂಸಿ ನೋಡಿ, "ಗುರೂಜಿ, ದೇವರು ಪಾಸ್ ಮಾಡ್ಯಾನ. ನಮ್ಮ ಕಡೆ ಮಾತ್ರ ಒಂದ ವರ್ಷ ತಡಾ ಆಗಿ ಬಂದದ," ಎಂದ. ರಿಟರ್ನ್ ತುಂಬಿ, ರಿಫಂಡಿಗೆ ಕಾಯುವುದೊಂದೇ ದಾರಿಯಂತೆ.

"ದಿಲಾವರಗ ನೀವ ಹೇಳ್ರಿ," ಎಂದಳು ದಾಕ್ಷಾಯಣಿ. "ಮಾತ ಕೊಟ್ಟಾಕಿ ನಾನು. ಮಾರಿ ತೋರಸಾವ್ರು ನೀವು."

ದಿಲಾವರನ ಅಂಗಳದಲ್ಲಿ ಎಮ್ಮೆ ನಿಂತಿತ್ತು. ಅದರ ಕೊಂಬುಗಳು ಎಷ್ಟು ಉದ್ದವೆಂದರೆ, ಒಂದರ ತುದಿ ಬಿಳೂರಿನಲ್ಲಿದ್ದರೆ ಇನ್ನೊಂದರದು ಅಸಂಗಿಯಲ್ಲಿ! ಮೂಲದಲ್ಲೇ ಕಡಿತ ಎಂದರೇನೆಂದು ಅರ್ಧ ತಾಸು ಪಾಠ ಮಾಡಿದೆ. ಅವನು ಎಮ್ಮೆಯ ಬೆನ್ನು ಸವರುತ್ತ ಶ್ರದ್ಧೆಯಿಂದ ಕೇಳಿದ.

"ಚಲೋ ತಿಳೀತರಿ ಗುರೂಜಿ. ಹಂಗಾದ್ರ ನಾನೂ ಎಮ್ಮಿ ಒಳಗ ಹತ್ತರಾಗ ಒಂದ ಪಾಲ ಮೂಲದಾಗ ಹಿಡ್ಕೋತೀನಿ. ಬಾಲದ ಕಡಿಂದ ಹಿಡೀಲ್ಯೋ, ಕೊಂಬಿನ ಕಡಿಂದ ಹಿಡೀಲ್ಯೋ?"

ಕೊನೆಗೆ ಒಪ್ಪಂದವಾಯಿತು. ಎಮ್ಮೆ ಇಡಿಯಾಗಿ ನಮಗೆ. ಬಾಕಿ ತೀರುವವರೆಗೆ ಹಾಲಿನ ಹತ್ತನೇ ಪಾಲು ಅವನಿಗೆ. ದಾಕ್ಷಾಯಣಿಯ ಮಾತು ಉಳಿಯಿತು. ನನ್ನ ಚಹಾ ಉಳಿಯಲಿಲ್ಲ. ಏಕೆಂದರೆ ಒಂಬತ್ತು ಪಾಲು ಡೇರಿಗೆ ಮತ್ತು ಮನೆಗೆ ಎಂದು ಗೊತ್ತುಮಾಡಿದ ಅವಳು, ದಿಲಾವರನ ಹತ್ತನೆಯದನ್ನು ನನ್ನ ಪಾಲಿನಿಂದಲೇ ಮುರಿದಳು. ಮೊಸರಿಲ್ಲದ ಭಕ್ರಿ, ಹಾಲಿಲ್ಲದ ಚಹಾ, ಐದು ತಿಂಗಳು! ಎಮ್ಮೆಯ ಬಣ್ಣವೊಂದೇ ನನ್ನ ಕಪ್ಪಿಗೆ ಬಂತು.

ರಿಟರ್ನ್ ತುಂಬುವಾಗ ನನ್ನನ್ನು ಹತ್ತಿರ ಸೇರಿಸಲಿಲ್ಲ. ಆನ್‌ಲೈನ್ ಅರ್ಜಿ ತುಂಬುವ ರೂಪಾಲಿಯ ಅಂಗಡಿಗೆ ದಾಕ್ಷಾಯಣಿ ತಾನೇ ಹೋಗಿ ಬಂದಳು. ಆಗಸ್ಟಿನಲ್ಲಿ ರಿಫಂಡ್ ಬಂತು. ದಿಲಾವರ ತನ್ನ ಬಾಕಿ ಪಡೆದು, ನಮ್ಮಲ್ಲೇ ಹೋಳಿಗೆ ಉಂಡು ಹೋದ. ನಾನು ಮನೆಯಲ್ಲಿನ ಅತಿ ದೊಡ್ಡ ತಂಬಿಗೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕುಳಿತೆ.

"ಐದು ತಿಂಗಳ ಹಾಲು ಮುರಕೊಂಡೀಯಲ್ಲಾ, ಈಗ ನನ್ನ ರಿಫಂಡ್ ಕೊಡು," ಎಂದೆ ಗತ್ತಿನಿಂದ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನೋಟ ನಡುದಾರಿಯಲ್ಲಿ, ಅಂಗಿಯ ನಾಲ್ಕನೇ ಗುಂಡಿಯ ಹತ್ತಿರ ನಿಂತಿತು.

"ರೂಪಾಲಿ ಎಲ್ಲಾ ತಿಳಿಸಿ ಹೇಳ್ಯಾಳರಿ. ಮಿತಿಯೊಳಗ ಇದ್ದವರಿಗೆ ಅಷ್ಟ ರಿಫಂಡ್. ನಿಮ್ಮ ಹೊಟ್ಟಿ ಇನ್ನೂ ಮಿತಿ ದಾಟೇ ಅದ."

ಮುಂದೆ ಕಪ್ಪು ಚಹಾ ಬಂತು. ಒಂದು ಗುಟುಕು ಕುಡಿದೆ. ಸಕ್ಕರೆಯೂ ಮೂಲದಲ್ಲೇ ಕಡಿತವಾಗಿತ್ತು!