ಹಾಲೇಶಪ್ಪನ ಡೇರೆ ಹೂವು

ಎಲ್ಲಕ್ಕೂ ಕಾರಣ ಡಾಕ್ಟರು ಆಡಿದ ಒಂದು ಮಾತು.

"ಬರೀ ಆಫೀಸು, ಮನೆ ಅಂತಿದ್ರೆ ಬಿ.ಪಿ. ಇಳಿಯಲ್ಲ ಹಾಲೇಶಪ್ಪಾರೇ. ಹೊಸದೇನಾರ ಹವ್ಯಾಸ ಹಚ್ಚಿಕೊಳ್ರಿ. ಗಿಡ ಬೆಳಸ್ರಿ."

ಹುಟ್ಟಿದಾಗಿನಿಂದ ಒಂದು ಕೊತ್ತಂಬರಿ ಕಾಳನ್ನೂ ಮಣ್ಣಿಗೆ ಹಾಕಿ ಗೊತ್ತಿಲ್ಲದ ಗುಮಾಸ್ತ ಹಾಲೇಶಪ್ಪ, ವಿದ್ಯಾನಗರದ ತನ್ನ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕುಂಡ ಇಟ್ಟು ಡೇರೆ ಗೆಡ್ಡೆ ನೆಟ್ಟ. ಆಫೀಸಿನವರು ನಕ್ಕರು. ದಿನಾ ಅವನು ಕುಂಡದ ಮುಂದೆ ಕಣ್ಣು ನೆಟ್ಟು ಕೂರುವುದನ್ನು ಕಂಡು ಹೆಂಡತಿ ದ್ರಾಕ್ಷಾಯಣಮ್ಮ, "ನನ್ನ ಮಕ ಒಂದಿನನಾರ ಹಿಂಗೆ ನೋಡೀರೇನು?" ಎಂದಳು. ನಾಲ್ಕು ತಿಂಗಳಿಗೆ ಬೆಣ್ಣೆದೋಸೆಯಗಲದ ಕೆಂಪು ಹೂವೊಂದು ಅರಳಿತು. ಹಾಲೇಶಪ್ಪ ಆಫೀಸಿಗೆ ರಜಾ ಹಾಕಿ, ಕುಂಡ ಹೊತ್ತು ಹರಿಹರದ ಪುಷ್ಪ ಪ್ರದರ್ಶನಕ್ಕೆ ಬಸ್ ಹತ್ತಿದ.

ಪಕ್ಕದ ಮನೆಯ ಚಾಂದ್ ಪಾಷಾನೂ ಅದೇ ಬಸ್ಸಿನಲ್ಲಿದ್ದ. ಮದುವೆಗಳಿಗೆ ಕಾಗದದ ಹೂವು ಮಾಡಿಕೊಡುವವನು. ಹರಿಹರದ ಮದುವೆಮನೆಯೊಂದಕ್ಕೆ ಒಂದು ಡಬ್ಬಿ ಹೂವು ಒಯ್ಯುತ್ತಿದ್ದ.

"ಕುಂಡ ಇತ್ಲಾಗೆ ಕೊಡ್ರಿ, ನಾ ಹಿಡ್ಕೊಳ್ತೀನಿ."

"ಬ್ಯಾಡ ಪಾಷಾ, ಮುಟ್ಟಬ್ಯಾಡ!"

ಗುತ್ತೂರಿನ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ಕುಂಡ ಜಾರಿತು. ಪಾಷಾ ಎಗರಿ ಹಿಡಿದ.

"ಕುಂಡ ಉಳಿಸಿದೆ ನೋಡ್ರಿ!" ಎಂದು ಹೆಮ್ಮೆಯಿಂದ ಹೇಳಿದ. ಹೂವು ಮಾತ್ರ ಅವನ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

ಹಾಲೇಶಪ್ಪ ಹರಿಹರದವರೆಗೂ ಬೈದ. ಪಾಷಾ ಮದುವೆಮನೆಗೆ ಹೋಗದೆ ಡಬ್ಬಿ ಹಿಡಿದು ಅವನ ಹಿಂದೆಯೇ ಬಂದ. ಆದರೂ ಬಂದದ್ದು ಬಂದಾಗಿದೆ ಎಂದು ಕುಂಡವನ್ನು ಪ್ರದರ್ಶನದ ಮೇಜಿನ ಮೇಲಿಟ್ಟು ಹೆಸರು ಬರೆಸಲು ಹೋದ. ತಿರುಗಿ ಬಂದರೆ ಗಿಡದ ತುದಿಯಲ್ಲಿ ಕೆಂಪು ಹೂವು!

"ನನ್ನ ಡಬ್ಬಿಯಾಗಿಂದು. ತಂತಿ ಕಟ್ಟೀನಿ," ಪಾಷಾ ಪಿಸುಗುಟ್ಟಿದ. "ತಪ್ಪು ನಂದಲ್ಲೇನ್ರೀ? ಬೋಳು ಗಿಡದ ಮುಂದೆ ನೀವು ಹೆಂಗೆ ನಿಲ್ತೀರಿ?"

"ಮೋಸ! ತೆಗಿ ಅದನ್ನ!"

ಅಷ್ಟರಲ್ಲಿ ಸಫಾರಿ ಸೂಟಿನ ತೀರ್ಪುಗಾರ ಉಜ್ಜನಪ್ಪ ಬಂದೇ ಬಿಟ್ಟರು. "ಭಲೇ! ಎಂಥಾ ಹೂವು!"

ಹಾಲೇಶಪ್ಪನ ಮೈ ಉರಿಯಿತು. "ಅದು ಕಾಗದದ್ದು ಸ್ವಾಮಿ! ಸುಳ್ಳು ಹೂವಿಗೆ ಭಲೇ ಅನ್ನಬ್ಯಾಡ್ರಿ!"

ಉಜ್ಜನಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಕಾಗದ? ಹೌದಲ್ಲ! ಎಲೆಗಳನ್ನಂತೂ ನರನರ ಬಿಡಿಸೀರಲ್ರೀ!"

"ಎಲೆ ಖರೇವು! ನಾ ಬೆಳಸಿದ್ದು!"

"ಕಲಾವಿದರು ಹಂಗೇ ಅಂತಾರೆ ಬಿಡ್ರಿ."

ಹಾಲೇಶಪ್ಪ ಎಲೆಯೊಂದನ್ನು ಪರ್ರನೆ ಹರಿದು ಅವರ ಮೂಗಿಗೇ ಹಿಡಿದ.

"ಆಹಾ, ವಾಸನೆ ಸುದ್ದಾ ಹಚ್ಚೀರಿ!"

ಗೆಳೆಯನಿಗೆ ಅನ್ಯಾಯವಾಗುವುದು ಕಂಡು ಪಾಷಾ ಕೈಮುಗಿದ. "ಸಾಹೇಬ್ರೇ, ಅಲ್ಲಾನಾಣೆ, ಹೂವಷ್ಟೇ ನಂದು. ಎಲೆ ಎಲ್ಲಾ ಇವರವೇ!"

"ಹಂಗೆ ಹೇಳ್ರಿ ಮತ್ತೆ!" ಉಜ್ಜನಪ್ಪ ಬರೆದುಕೊಂಡರು: ಕರಕುಶಲ ವಿಭಾಗ, ಮೊದಲ ಬಹುಮಾನ. ಹೂವು, ಚಾಂದ್ ಪಾಷಾ. ಎಲೆ, ಹಾಲೇಶಪ್ಪ.

ಚಪ್ಪಾಳೆಯ ನಡುವೆ ಹಾಲೇಶಪ್ಪ ಕೂಗುತ್ತಲೇ ಇದ್ದ. ಪ್ರದರ್ಶನ ನಡೆಸುವ ಸಂಘದವರಿಬ್ಬರು ಬಂದು ಕುಂಡವನ್ನು ಜೋಪಾನವಾಗಿ ಎತ್ತಿ, ವರ್ಷವಿಡೀ ಜನ ನೋಡಲೆಂದು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮೇಲೊಂದು ಚೀಟಿ ಅಂಟಿಸಿದರು:

'ಕಾಗದದ ಕಲೆ. ದಯವಿಟ್ಟು ನೀರು ತಾಗಿಸಬೇಡಿ.'