ಪಲ್ಲವಿಗೆ ಮರಳದ ಹಾಡು

ನಮಗೆ ಇಷ್ಟವಾದದ್ದನ್ನು ಇನ್ನೊಬ್ಬರಿಗೆ ಕೇಳಿಸಬಾರದು. ಕೇಳಿಸಿದರೂ ಹೇಗಿದೆ ಎಂದು ವಿಚಾರಿಸಬಾರದು. ಇಷ್ಟು ತಿಳಿಯಲು ನನಗೆ ಅರ್ಧ ಆಯುಷ್ಯ ಹಿಡಿಯಿತು. ಉಳಿದರ್ಧದಲ್ಲಿ ಅದನ್ನು ಪಾಲಿಸುತ್ತೇನೆಂಬ ನಂಬಿಕೆಯೂ ಇಲ್ಲ.

ಬಸವಕಲ್ಯಾಣದಿಂದ ಹುಮನಾಬಾದಿನ ಔಷಧ ಕಾರ್ಖಾನೆಗೆ ನಾವು ಮೂವರು ಒಂದೇ ಕಾರಿನಲ್ಲಿ ಹೋಗುತ್ತೇವೆ. ಕಾರು ಸಂಗಣ್ಣನದು. ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾನೆ, ಸೋಮವಾರದ ಭಜನೆಯಲ್ಲಿ ಮುಂದೆ ಕೂತು ಹಾಡುತ್ತಾನೆ, ಹಿಂದೆ ಕೂತವರು ಪಲ್ಲವಿ ಹಿಡಿಯುತ್ತಾರೆ. ಹಿಂದಿನ ಸೀಟು ಆಫೀಸಿನ ಜಗದೇವಿಯವರದು. ದಿನಕ್ಕೊಬ್ಬರ ಹಾಡು ಎಂಬುದು ಕಾರಿನ ಕಟ್ಟಳೆ. ನನ್ನ ಪಾಳಿ ಬಂದಾಗ ನಾನು ಹಾಕುವುದು ಒಂದೇ: ಕಾಲೇಜಿನಲ್ಲಿದ್ದಾಗ ಗೆಳೆಯನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡು, ಈಗ ಫೋನಿಗೆ ಏರಿಸಿಕೊಂಡಿರುವ ಹಳೆಯ ಇಂಗ್ಲಿಷ್ ರಾಕ್ ಹಾಡು. ಊರು ದಾಟುವಾಗ ಶುರುವಾದರೆ ಅರ್ಧ ದಾರಿ ಸವೆದರೂ ಮುಗಿಯದು. ಇದನ್ನು ಒಬ್ಬರಾದರೂ ಕೊನೆಯವರೆಗೆ ಕೇಳಲಿ ಎಂಬುದಷ್ಟೇ ನನ್ನ ಆಸೆ.

"ಹಾಡಾಕ ಯಾವಾಗ ಚಾಲೂ ಮಾಡ್ತಾರ್ರಿ? ಇನ್ನಾ ತಂತಿನೇ ಬಿಗಿಯಾಕತ್ತಾರ," ಎನ್ನುತ್ತಾರೆ ಜಗದೇವಿ. ಡ್ರಮ್ಮಿನ ಭಾಗ ಬಂದರೆ ಮನೆಗೆ ಫೋನ್ ಮಾಡಿ ಕುಕ್ಕರ್ ಇಳಿಸಿದರೇ ಎಂದು ವಿಚಾರಿಸುತ್ತಾರೆ. ಸಂಗಣ್ಣನ ತಕರಾರು ಭಜನೆಯವರದು. "ಸರ, ಪಲ್ಲವಿ ಒಮ್ಮೆ ಹೇಳಿ ಹೋದವ ತಿರುಗಿ ಬರಲೇ ಇಲ್ಲ. ಹಿಂದ ಕುಂತವರು ಏನ್ ಹಿಡೀಬೇಕ್ರಿ?" ತಿರುಗಿ ಬಾರದಿರುವುದೇ ಇದರ ಸೊಗಸು, ಇದು ಭಜನೆಯಲ್ಲ ಎಂದು ಎಷ್ಟೋ ಸಲ ಉಪನ್ಯಾಸ ಕೊಟ್ಟಿದ್ದೇನೆ. ಅಷ್ಟರಲ್ಲಿ ಅವನು ಹಾಡು ಬಂದ್ ಮಾಡಿರುತ್ತಾನೆ. ನನಗೆ ಮೈಯೆಲ್ಲ ಉರಿಯುತ್ತದೆ. ಕಾರು ಅವನದಾದ್ದರಿಂದ ನುಂಗಿಕೊಳ್ಳುತ್ತೇನೆ.

ಹೋದ ವಾರ ಸಂಗಣ್ಣ, "ಸರ, ನಿಮ್ಮ ಹಾಡು ನನ್ನ ಫೋನಿನಾಗ ಹುಡುಕಿ ಇಟ್ಟೀನಿ. ಇವತ್ತು ಪೂರಾ ಕೇಳೂಣು," ಎಂದ. ಡ್ರಮ್ಮಿನ ಭಾಗ ಬಂದರೂ ಜಗದೇವಿಯವರು ಫೋನ್ ತೆಗೆಯಲಿಲ್ಲ. ಕೊನೆಗೆ ಗಿಟಾರು ಒಂಟಿಯಾಗಿ ನರಳಿ ನಿಲ್ಲುವ ಜಾಗ ಬಂತು. ನಾನು ಕಣ್ಣು ಮುಚ್ಚಿದೆ. ಹಾಡು ನಿಲ್ಲಲಿಲ್ಲ. ಇಷ್ಟು ವರ್ಷ ಅಲ್ಲಿ ಮುಗಿಯುತ್ತಿದ್ದದ್ದು ನನ್ನ ಕ್ಯಾಸೆಟ್ಟಿನ ಒಂದು ಬದಿ, ಹಾಡಲ್ಲ. ಮೊದಲಿನ ಪಲ್ಲವಿ, ಹತ್ತಾರು ದನಿ ಕೂಡಿಕೊಂಡು, ತಿರುಗಿ ಬಂತು. ಸಂಗಣ್ಣ ಸ್ಟೀರಿಂಗಿನ ಮೇಲೆ ತಾಳ ಹಾಕಿದ. ಜಗದೇವಿಯವರು ಚಪ್ಪಾಳೆ ತಟ್ಟಿದರು.

"ಬಂತ್ ನೋಡ್ರಿ ಸರ ಪಲ್ಲವಿ," ಎಂದ ಸಂಗಣ್ಣ. "ಇಷ್ಟ್ ಚೆಂದ ಹಾಡಿಗಿ ಸುಮ್ಮನೆ ತಪ್ಪು ಹುಡುಕಿದ್ವಿ."

"ಸಾಕು, ಬಂದ್ ಮಾಡ್ರಿ," ಎಂದೆ.

"ಇನ್ನಾ ಸ್ವಲ್ಪೇ ಅದರಿ ಸರ. ಪೂರಾ ಕೇಳ್ರಿ," ಎಂದರು ಜಗದೇವಿ.

ಈಗ ಅವರಿಬ್ಬರ ಪಾಳಿಯಲ್ಲೂ ಅದೇ ಹಾಡು. ಕೊನೆಯವರೆಗೆ ಕೇಳುವವರು ಬೇಕೆಂದಿದ್ದೆ, ಸಿಕ್ಕಿದ್ದಾರೆ. ಗಿಟಾರು ನರಳುವ ಜಾಗ ಬಂದೊಡನೆ ನಾನು ಮನೆಗೆ ಫೋನ್ ಮಾಡಿ, ಕುಕ್ಕರ್ ಇಳಿಸಿದಿರಾ ಎಂದು ವಿಚಾರಿಸುತ್ತೇನೆ.